ಅರವತ್ತರ ಗಿಟಾರು

ಒಬ್ಬ ಕಲಾವಿದ ನಮಗೆ ಸಂತೋಷ ಕೊಟ್ಟ ಮೇಲೆ ಯಾರು ಯಾರಿಗೆ ಸಾಲಗಾರರು? ಮೇಲುನೋಟಕ್ಕೆ ಉತ್ತರ ಸುಲಭ. ಕೊಟ್ಟವನು ಅವನು, ಪಡೆದವರು ನಾವು. ಆದ್ದರಿಂದ ಋಣ ನಮ್ಮದು. ಆದರೆ ನಮ್ಮ ನಡತೆ ಹಾಗಿರುವುದಿಲ್ಲ. ಮೂವತ್ತು ವರ್ಷಗಳ ಹಿಂದೆ ಅವನು ಕೊಟ್ಟದ್ದನ್ನೇ ಸಾಲಪತ್ರದ ಹಾಗೆ ಕೈಯಲ್ಲಿ ಹಿಡಿದುಕೊಂಡು, ‘ಇನ್ನೂ ಇಷ್ಟು ಬರಬೇಕಲ್ಲ’ ಎಂದು ಅವನ ಬಾಗಿಲಲ್ಲಿ ನಿಲ್ಲುತ್ತೇವೆ. ಮೊದಲಿನಂಥ ಕಾದಂಬರಿ ಬರೆಯಲಿಲ್ಲವೆಂದು ಲೇಖಕನ ಮೇಲೆ, ಮೊದಲಿನಂಥ ಪಾತ್ರ ಮಾಡಲಿಲ್ಲವೆಂದು ನಟನ ಮೇಲೆ ನಮಗೆ ಸಿಟ್ಟು. ಈ ಸಿಟ್ಟಿನಲ್ಲಿ ನ್ಯಾಯದ ಪಾಲೆಷ್ಟು, ಹಟದ ಪಾಲೆಷ್ಟು ಎಂದು ಬೇರೆ ಮಾಡಿ ನೋಡಬೇಕೆಂಬ ಆಸೆ ನನಗೆ ಬಹಳ ದಿನಗಳಿಂದ ಇತ್ತು. ಅದಕ್ಕೆ ಅನುಕೂಲವಾದ ಉದಾಹರಣೆ ಸಿಕ್ಕದ್ದು ದೂರದ ಇಂಗ್ಲೆಂಡಿನ ರಾಕ್ ಸಂಗೀತದಲ್ಲಿ.

ಡೇವಿಡ್ ಗಿಲ್ಮೋರ್ ಎಂಬ ಗಿಟಾರುವಾದಕನ ಹೆಸರನ್ನು ಎಲ್ಲರೂ ಕೇಳಿರಲಿಕ್ಕಿಲ್ಲ. ಅವನ ತಂಡವಾದ ‘ಪಿಂಕ್ ಫ್ಲಾಯ್ಡ್’ನ ಹೆಸರನ್ನು ಕಾಲೇಜು ಹುಡುಗರ ಅಂಗಿಯ ಮೇಲಾದರೂ ಕಂಡಿರುತ್ತೀರಿ. ೧೯೪೬ರ ಮಾರ್ಚ್ ೬ರಂದು ಕೇಂಬ್ರಿಜ್‌ನಲ್ಲಿ ಹುಟ್ಟಿದ ಈತ ೧೯೬೮ರ ಆರಂಭದಲ್ಲಿ ಆ ತಂಡ ಸೇರಿದ. ೧೯೭೩ರ ‘ದ ಡಾರ್ಕ್ ಸೈಡ್ ಆಫ್ ದ ಮೂನ್’, ೧೯೭೫ರ ‘ವಿಶ್ ಯೂ ವರ್ ಹಿಯರ್’, ೧೯೭೯ರ ‘ದ ವಾಲ್’ ಇವು ಆ ತಂಡದ ದೊಡ್ಡ ಆಲ್ಬಮ್ಮುಗಳು. ರಾಕ್ ಗಿಟಾರು ಎಂದರೆ ವೇಗ, ಗದ್ದಲ ಎಂದು ತಿಳಿದವರಿಗೆ ಗಿಲ್ಮೋರನ ನುಡಿಸಾಣಿಕೆ ಬೇರೆಯೇ ತರಹ ಕೇಳಿಸುತ್ತದೆ. ಅವನು ಸ್ವರಗಳ ವಿಷಯದಲ್ಲಿ ಜಿಪುಣ. ಒಂದು ಸ್ವರ ಹಿಡಿದು, ತಂತಿಯನ್ನು ಬೆರಳಿನಿಂದ ಪಕ್ಕಕ್ಕೆ ಎಳೆದು, ಅದನ್ನು ಮೆಲ್ಲಗೆ ಮೇಲಿನ ಸ್ವರಕ್ಕೆ ಒಯ್ದು ಮುಟ್ಟಿಸುತ್ತಾನೆ. ನಮ್ಮ ಸಿತಾರಿನವರು ಮೀಂಡ್ ಎನ್ನುತ್ತಾರಲ್ಲ, ಅದಕ್ಕೆ ಹತ್ತಿರದ್ದು.

ಹಾಡುಗಳ ಮಾತನ್ನು ಹೆಚ್ಚಾಗಿ ಬರೆಯುತ್ತಿದ್ದ ರೋಜರ್ ವಾಟರ್ಸ್ ಜಗಳವಾಡಿ ೧೯೮೫ರಲ್ಲಿ ಹೊರಗೆ ಹೋದ. ತಂಡದ ಹೆಸರು ಯಾರದೆಂಬ ವ್ಯಾಜ್ಯ ೧೯೮೭ರ ಕೊನೆಗೆ ತೀರಿ, ಹೆಸರು ಗಿಲ್ಮೋರ್ ಮತ್ತು ಡ್ರಮ್ಮು ಬಾರಿಸುವ ನಿಕ್ ಮೇಸನ್ನರಲ್ಲಿ ಉಳಿಯಿತು. ಆಮೇಲೆ ೨೦೦೫ರ ಜುಲೈ ೨ರಂದು ಲಂಡನ್ನಿನ ಹೈಡ್ ಪಾರ್ಕಿನಲ್ಲಿ ನಡೆದ ‘ಲೈವ್ ೮’ ಕಾರ್ಯಕ್ರಮದಲ್ಲಿ ನಾಲ್ವರೂ ಒಂದೇ ವೇದಿಕೆಯ ಮೇಲೆ ನಿಂತು ಅರ್ಧಗಂಟೆಗೂ ಕಡಿಮೆ ಹೊತ್ತು ನುಡಿಸಿದರು. ಇಪ್ಪತ್ತನಾಲ್ಕು ವರ್ಷಗಳ ಮೇಲೆ ಅವರು ಕೂಡಿದ್ದರು. ಜಗತ್ತಿನ ತುಂಬ ಅಭಿಮಾನಿಗಳು ಕಣ್ಣೀರು ಹಾಕಿದರು. ಮತ್ತೆ ಒಂದಾಗಿ ಊರೂರು ಸುತ್ತಿರಿ ಎಂದು ಹಣದ ಥೈಲಿ ಹಿಡಿದು ಬಂದವರಿಗೇನೂ ಕಡಿಮೆಯಿರಲಿಲ್ಲ. ಗಿಲ್ಮೋರ್ ಒಲ್ಲೆ ಎಂದ.

ಒಲ್ಲೆ ಎಂದವನು ಮಾಡಿದ್ದೇನು? ೨೦೦೬ರ ಮಾರ್ಚ್ ೬ರಂದು, ಅಂದರೆ ತನ್ನ ಅರವತ್ತನೆಯ ಹುಟ್ಟುಹಬ್ಬದ ದಿನ, ತನ್ನದೇ ಹೆಸರಿನಲ್ಲಿ ‘ಆನ್ ಆನ್ ಐಲಂಡ್’ ಎಂಬ ಆಲ್ಬಮ್ ಹೊರತಂದ. ಒಬ್ಬನೇ ಮಾಡಿದ ಆಲ್ಬಮ್ಮುಗಳಲ್ಲಿ ಇದು ಮೂರನೆಯದು. ಹಿಂದಿನದು ಬಂದು ಇಪ್ಪತ್ತೆರಡು ವರ್ಷ ಆಗಿತ್ತು. ನಮ್ಮಲ್ಲಾದರೆ ಷಷ್ಟ್ಯಬ್ದಿಗೆ ಹೋಮ ಮಾಡಿಸಿ ಊಟ ಹಾಕಿಸುತ್ತಿದ್ದರು. ಇವನು ಹತ್ತು ಹಾಡು ಬಡಿಸಿದ. ಥೇಮ್ಸ್ ನದಿಯ ಮೇಲೆ ಅವನಿಗೊಂದು ದೋಣಿಮನೆ ಇದೆ, ‘ಅಸ್ಟೋರಿಯಾ’ ಎಂದು ಹೆಸರು. ಅದರೊಳಗೇ ಅವನ ಸ್ಟುಡಿಯೋ. ಧ್ವನಿಮುದ್ರಣ ಬಹುಮಟ್ಟಿಗೆ ಅಲ್ಲೇ ನಡೆಯಿತು. ಮಾತುಗಳನ್ನು ಹೆಚ್ಚಾಗಿ ಬರೆದವಳು ಹೆಂಡತಿ, ಲೇಖಕಿ ಪಾಲಿ ಸ್ಯಾಮ್ಸನ್. ಹಿನ್ನೆಲೆಯ ತಂತಿವಾದ್ಯಗಳ ಮೇಳವನ್ನು ಹೊಂದಿಸಿದವನು ಪೋಲೆಂಡಿನ ಸಂಗೀತಗಾರ ಪ್ರೈಸ್ನರ್. ಹಳೆಯ ಜೊತೆಗಾರ ರಿಚರ್ಡ್ ರೈಟ್ ಬಂದು ಆರ್ಗನ್ ನುಡಿಸಿ ದನಿಗೂಡಿಸಿದ. ಒಂದು ಕಡೆ ಗಿಲ್ಮೋರ್ ಗಿಟಾರು ಬಿಟ್ಟು ಸ್ಯಾಕ್ಸೋಫೋನ್ ಊದುತ್ತಾನೆ. ಕಡಲು, ಇರುಳು, ಗೆಳೆಯರು, ಹೆಂಡತಿ, ಸರಿಯುವ ಕಾಲ ಇವು ಹಾಡುಗಳ ವಸ್ತು. ‘ಟೇಕ್ ಎ ಬ್ರೆತ್’ ಎಂಬ ಒಂದನ್ನು ಬಿಟ್ಟರೆ ಎಲ್ಲಿಯೂ ಅಬ್ಬರವಿಲ್ಲ. ಎಲ್ಲ ನಿಧಾನ.

ಇಂಗ್ಲೆಂಡಿನ ಮಾರಾಟದ ಪಟ್ಟಿಯಲ್ಲಿ ಅದು ಮೊದಲನೆಯ ಸ್ಥಾನಕ್ಕೆ ಏರಿತು. ಆದರೆ ವಿಮರ್ಶಕರು ಇಬ್ಭಾಗವಾದರು. ಕೆಲವರು ಇದು ಪಕ್ವವಾದ ಮನುಷ್ಯನ ಶಾಂತ ಸಂಗೀತ ಎಂದರು. ಕೆಲವರು ಇದು ಸುಖವಾಗಿರುವ ಸಾಹುಕಾರನ ತೂಕಡಿಕೆ ಎಂಬರ್ಥದ ಮಾತಾಡಿದರು. ಗಿಟಾರು ಚೆನ್ನ, ಹಾಡು ಸಪ್ಪೆ ಎಂದು ನಡುವೆ ನಿಂತವರೂ ಉಂಟು.

ಆ ವರ್ಷ ದೀಪಾವಳಿಗೆ ಬೆಂಗಳೂರಿನಿಂದ ಬಂದ ನಮ್ಮಕ್ಕನ ಮಗ ಅದರ ಸಿಡಿ ತಂದಿದ್ದ. ಪಿಂಕ್ ಫ್ಲಾಯ್ಡ್ ಎಂದರೆ ಅವನಿಗೆ ಜೀವ. ಮೂರು ದಿನ ಕೇಳಿ, ಊರಿಗೆ ಹೊರಡುವಾಗ ಸಿಡಿಯನ್ನು ನಮ್ಮ ಮನೆಯಲ್ಲೇ ಬಿಟ್ಟ.

“ನೀ ಇಟ್ಕೋ ಮಾಮಾ. ಮೂರನೇ ಹಾಡಿಗೆ ನಿದ್ದಿ ಬರ್ತದ ನನಗ.”

“ನಿದ್ದಿ ಬರೂ ಹಾಡು ಕೆಟ್ಟದ್ದು ಅಂತ ಯಾರು ಹೇಳ್ಯಾರೋ? ಜೋಗುಳಾನೂ ಹಾಡೇ ಅಲ್ಲೇನು?”

“ಜೋಗುಳಾ ಕೇಳಲಿಕ್ಕೆ ಇಷ್ಟು ರೊಕ್ಕ ಕೊಟ್ಟೇನೇನು ನಾನು?”

ನಾನು ನಕ್ಕೆ. ಆದರೆ ಅವನ ಮಾತಿನಲ್ಲಿ ವಿಚಾರ ಮಾಡಬೇಕಾದದ್ದು ಇತ್ತು. ರೊಕ್ಕ ಕೊಟ್ಟವನಿಗೆ ಒಂದು ಹಕ್ಕು ಬರುತ್ತದೆ. ಕೊಂಡ ವಸ್ತು ಚೆನ್ನಾಗಿಲ್ಲ ಎನ್ನುವ ಹಕ್ಕು ಅದು. ‘ಇದು ಮಂದವಾಗಿದೆ’ ಎಂದು ಅವನು ಅಂದರೆ ಅದು ಕೃತಿಯ ಬಗೆಗಿನ ಮಾತು. ಅದನ್ನು ಒಪ್ಪಬಹುದು, ವಾದಿಸಬಹುದು. ‘ಇದು ಮೊದಲಿನ ಹಾಗಿಲ್ಲ’ ಎನ್ನುವುದು ಬೇರೆ ಜಾತಿಯ ಮಾತು. ಅಲ್ಲಿ ತೂಗುತ್ತಿರುವುದು ಹಾಡನ್ನಲ್ಲ, ನಮ್ಮ ನೆನಪನ್ನು. ಹಳೆಯ ಹಾಡು ಕೇಳಿದಾಗ ನಮಗೆ ಇಪ್ಪತ್ತು ವರ್ಷ, ಹಾಸ್ಟೆಲಿನ ಕೋಣೆ, ಜೊತೆಗಿದ್ದ ಗೆಳೆಯರು. ಹೊಸ ಹಾಡು ಇದನ್ನೆಲ್ಲ ಎಲ್ಲಿಂದ ತರಬೇಕು? ಕಲಾವಿದ ಕೊಡಲಾರದ್ದನ್ನು ಕೇಳಿ, ಕೊಡಲಿಲ್ಲವೆಂದು ದೂರಿದರೆ ಆ ದೂರು ನಿಲ್ಲುವುದಿಲ್ಲ.

ಇಲ್ಲಿ ಒಬ್ಬ ಜಾಣ ಎದ್ದು ನಿಂತು ಕೇಳಬಹುದು: ‘ಸ್ವಾಮೀ, ಆ ಹೊಸ ಆಲ್ಬಮ್ ಮೊದಲ ಸ್ಥಾನಕ್ಕೆ ಹೋದದ್ದು ಯಾತರಿಂದ? ಹಳೆಯ ಹೆಸರಿನಿಂದ ತಾನೆ? ಹಳೆಯ ಹೆಸರಿನ ಬಡ್ಡಿ ತಿನ್ನುವವನು ಹಳೆಯ ಅಳತೆಗೋಲಿಗೆ ಯಾಕೆ ಹೆದರಬೇಕು?’ ಇದು ಗಟ್ಟಿಯಾದ ಆಕ್ಷೇಪ. ಅಪರಿಚಿತ ಅರವತ್ತರ ಮುದುಕನೊಬ್ಬ ಇದೇ ಹತ್ತು ಹಾಡು ಮಾಡಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ ಎಂಬುದನ್ನು ಒಪ್ಪಲೇಬೇಕು.

ಆದರೆ ಎರಡು ಸಂಗತಿಗಳನ್ನು ಗಮನಿಸಬೇಕು. ಪಿಂಕ್ ಫ್ಲಾಯ್ಡ್ ಎಂಬ ಹೆಸರನ್ನು ಬಳಸುವುದು ಗಿಲ್ಮೋರನಿಗೆ ಸಾಧ್ಯವಿತ್ತು. ೧೯೮೭ರಲ್ಲಿ, ೧೯೯೪ರಲ್ಲಿ ವಾಟರ್ಸ್ ಇಲ್ಲದೆಯೇ ಆ ಹೆಸರಿನಲ್ಲಿ ಆಲ್ಬಮ್ಮುಗಳು ಬಂದಿದ್ದವು. ಲೈವ್ ೮ರ ಉತ್ಸಾಹ ಇನ್ನೂ ಆರದಿದ್ದ ಹೊತ್ತಿನಲ್ಲಿ ಆ ಹೆಸರು ಹಾಕಿದ್ದರೆ ಮಾರಾಟ ಇನ್ನಷ್ಟು ಆಗುತ್ತಿತ್ತೆಂದು ಹೇಳಲು ಜ್ಯೋತಿಷ್ಯ ಬೇಕಿಲ್ಲ. ಅವನು ಹಾಕಲಿಲ್ಲ. ಅಂಗಡಿಯ ಬೋರ್ಡಿನ ಮೇಲೆ ಒಳಗಿರುವ ಮಾಲಿನ ಹೆಸರನ್ನೇ ಬರೆದ. ಎರಡನೆಯದು, ಆ ವರ್ಷದ ಪ್ರವಾಸದ ಕಾರ್ಯಕ್ರಮಗಳು. ಸಾಮಾನ್ಯವಾಗಿ ಪೂರ್ವಾರ್ಧದಲ್ಲಿ ಹೊಸ ಆಲ್ಬಮ್, ಉತ್ತರಾರ್ಧದಲ್ಲಿ ಪಿಂಕ್ ಫ್ಲಾಯ್ಡಿನ ಹಾಡುಗಳು. ಮೊದಲು ನನ್ನ ಈಗಿನ ಮಾತು ಕೇಳಿ, ಆಮೇಲೆ ನಿಮಗೆ ಬೇಕಾದದ್ದನ್ನು ನುಡಿಸುತ್ತೇನೆ ಎಂಬ ಒಪ್ಪಂದ ಅದು. ಇದರಲ್ಲಿ ವ್ಯಾಪಾರವಿದೆ, ನಿಜ. ಆದರೆ ಮೋಸವಿಲ್ಲ. ಹಳೆಯ ಹೆಸರಿನಿಂದ ಬಂದ ಋಣವನ್ನು ಅವನು ಹಳೆಯ ಹಾಡಿನಲ್ಲೇ ತೀರಿಸಿದ; ಹೊಸ ಹಾಡನ್ನು ಆ ಲೆಕ್ಕದಿಂದ ಹೊರಗಿಟ್ಟ.

ಆಲ್ಬಮ್ಮಿನ ಮೇಲೆ ಬಂದ ಇನ್ನೊಂದು ಆಪಾದನೆ ನನ್ನನ್ನು ಹೆಚ್ಚು ಕಾಡಿತು. ಇದರಲ್ಲಿ ನೋವಿಲ್ಲ, ಎಲ್ಲ ನೆಮ್ಮದಿ ಎಂಬುದು ಅದು. ವಾಟರ್ಸನ ತಂದೆ ಎರಡನೆಯ ಮಹಾಯುದ್ಧದಲ್ಲಿ, ಮಗ ಇನ್ನೂ ಹಸುಗೂಸಾಗಿದ್ದಾಗ, ಇಟಲಿಯ ಆಂಜಿಯೊದಲ್ಲಿ ಸತ್ತ. ‘ದ ವಾಲ್’ನ ಬೆಂಕಿ ಬಂದದ್ದು ಅಂಥ ಗಾಯಗಳಿಂದ. ಗಿಲ್ಮೋರನ ದೋಣಿಮನೆಯಲ್ಲಿ ಅಂಥ ಬೆಂಕಿ ಇಲ್ಲ. ಇಲ್ಲದಿದ್ದರೆ ಅದು ತಪ್ಪೆ? ನಮ್ಮ ರಸಿಕತೆಯಲ್ಲಿ ಒಂದು ಕ್ರೌರ್ಯ ಅಡಗಿದೆ. ಕಲಾವಿದ ಸುಡುತ್ತಿರಬೇಕು, ನಾವು ಚಳಿ ಕಾಯಿಸಿಕೊಳ್ಳುತ್ತಿರಬೇಕು. ಅವನ ಸಂಸಾರ ನೆಟ್ಟಗಾದರೆ ನಮಗೆ ನಷ್ಟ! ನೆರೆಮನೆಯವನ ವಿಷಯದಲ್ಲಿ ಹೀಗೆ ಬಯಸಿದರೆ ಅದನ್ನು ನೀಚತನ ಎನ್ನುತ್ತೇವೆ. ಕಲಾವಿದನ ವಿಷಯದಲ್ಲಿ ಮಾತ್ರ ಅದಕ್ಕೆ ಅಭಿರುಚಿ ಎಂದು ಹೆಸರಿಡುತ್ತೇವೆ.

ಹಾಗೆಂದು ನೆಮ್ಮದಿಯಿಂದ ಹುಟ್ಟಿದ್ದೆಲ್ಲ ಒಳ್ಳೆಯ ಸಂಗೀತ ಆಗಿಬಿಡುವುದಿಲ್ಲ. ಆಲ್ಬಮ್ಮಿಗೆ ಹೆಸರು ಕೊಟ್ಟ ಹಾಡಿನಲ್ಲಿ ಗಿಟಾರು ಎರಡನೆಯ ಸಲ ಏಳುವಾಗ ಆ ನೆಮ್ಮದಿಯ ಅಂಚಿನಲ್ಲಿ ಕತ್ತಲೆ ಕಾಣುತ್ತದೆ. ಇದು ಬಹಳ ದಿನ ಇರುವುದಿಲ್ಲ ಎಂದು ಬಲ್ಲವನ ನೆಮ್ಮದಿ ಅದು. ‘ಸ್ಮೈಲ್’ ಎಂಬ ಹಾಡಾದರೋ ನನ್ನ ನಾಲಗೆಗೆ ಸಕ್ಕರೆ ಹೆಚ್ಚಾದ ಪಾಯಸ. ಹೀಗೆ ಒಂದೊಂದನ್ನೂ ಬೇರೆಯಾಗಿ ಹೇಳುವುದಕ್ಕೆ ಅಡ್ಡಿಯಿಲ್ಲ. ಹೇಳಲೇಬೇಕು ಕೂಡ.

ಯಾಕೆಂದರೆ ಬರಿಯ ಪೂಜೆಯೂ ಒಂದು ಅವಮಾನವೇ. ನಮ್ಮಲ್ಲಿ ಹಿರಿಯರಿಗೆ ಅರವತ್ತಾದ ಕೂಡಲೆ ಅಭಿನಂದನ ಗ್ರಂಥ ಸಿದ್ಧವಾಗುತ್ತದೆ. ಅದರಲ್ಲಿ ಎಲ್ಲರೂ ಹೊಗಳುತ್ತಾರೆ. ಅವರ ಈಚಿನ ಪುಸ್ತಕವನ್ನು ಓದಿದ ಗುರುತು ಮಾತ್ರ ಯಾರ ಲೇಖನದಲ್ಲೂ ಇರುವುದಿಲ್ಲ. ಶಾಲು ಹೊದಿಸುವುದೆಂದರೆ ಒಂದು ರೀತಿಯಲ್ಲಿ ಮುಚ್ಚಿಹಾಕುವುದೇ. ಗಿಲ್ಮೋರನ ಹಾಡು ಕೇಳಿ, ಇಲ್ಲಿ ಚೆನ್ನ ಅಲ್ಲಿ ಸಪ್ಪೆ ಎಂದು ಬರೆದ ವಿಮರ್ಶಕರು ಅವನನ್ನು ಇನ್ನೂ ದುಡಿಯುವ ಮನುಷ್ಯ ಎಂದು ಲೆಕ್ಕಕ್ಕೆ ಹಿಡಿದರು. ಅರವತ್ತರವನಿಗೆ ಅದು ಶಾಲಿಗಿಂತ ದೊಡ್ಡ ಮರ್ಯಾದೆ.

ವಯಸ್ಸಿನ ಮಾತು ಬಂದಾಗ ನನಗೆ ಅದೇ ೨೦೦೬ರ ಮಾರ್ಚ್ ತಿಂಗಳಿನ ಇನ್ನೊಂದು ಸಂಗತಿ ನೆನಪಾಗುತ್ತದೆ. ನಮ್ಮ ಗಂಗೂಬಾಯಿ ಹಾನಗಲ್ ಅವರು ತಮ್ಮ ಕೊನೆಯ ಕಛೇರಿ ಮಾಡಿದ್ದು ಆ ತಿಂಗಳಲ್ಲಿ. ೧೯೧೩ರ ಮಾರ್ಚ್ ೫ರಂದು ಹುಟ್ಟಿದ ಅವರಿಗೆ ಆಗ ೯೩ ವರ್ಷ. ಎಳೆಯ ವಯಸ್ಸಿನಲ್ಲಿ ಅವರದು ತೆಳ್ಳಗಿನ, ಏರುದನಿ; ಮೊದಲ ಗ್ರಾಮಫೋನ್ ತಟ್ಟೆಗಳಲ್ಲಿ ಅದನ್ನು ಕೇಳಬಹುದು. ಮುಂದೆ ಗಂಟಲಿಗೆ ಚಿಕಿತ್ಸೆಯಾದ ಮೇಲೆ ದನಿ ಇಳಿದು ಗಂಡುದನಿಯಂತಾಯಿತು. ಹಳೆಯ ದನಿಯನ್ನೇ ಕೊಡಿ ಎಂದು ಕೇಳುಗರು ಹಟ ಹಿಡಿದಿದ್ದರೆ ನಾವು ಕಂಡ ಗಂಗೂಬಾಯಿಯವರೇ ಇರುತ್ತಿರಲಿಲ್ಲ. ಖಯಾಲಿನ ಕೇಳುಗ ವಯಸ್ಸಿಗೆ ಜಾಗ ಇಟ್ಟಿರುತ್ತಾನೆ. ರಾಕ್ ಸಂಗೀತ ಹುಟ್ಟಿದ್ದೇ ಹರೆಯದವರಿಗಾಗಿ. ಅದರ ಮೊದಲ ತಲೆಮಾರು ಮುದಿಯಾದಾಗ ಏನು ಮಾಡಬೇಕೆಂದು ಅದಕ್ಕೆ ಯಾರೂ ಕಲಿಸಿರಲಿಲ್ಲ. ಗಿಲ್ಮೋರನ ನಿಧಾನಕ್ಕೆ ಬಂದ ಬೈಗುಳದಲ್ಲಿ ಈ ಗಲಿಬಿಲಿಯೂ ಸೇರಿದೆ.

೨೦೦೬ರ ಆ ಪ್ರವಾಸ ಆಗಸ್ಟ್ ೨೬ರಂದು ಪೋಲೆಂಡಿನ ಗ್ದಾನ್ಸ್ಕ್ ಹಡಗುಕಟ್ಟೆಯಲ್ಲಿ ಮುಗಿಯಿತು. ‘ಸಾಲಿಡಾರಿಟಿ’ ಕಾರ್ಮಿಕ ಚಳವಳಿ ಹುಟ್ಟಿದ ಜಾಗ ಅದು. ಅಂದು ಗಿಲ್ಮೋರ್ ಮತ್ತು ರೈಟ್ ೧೯೭೧ರ ‘ಎಕೋಸ್’ ಎಂಬ ದೀರ್ಘವಾದ ಕೃತಿಯನ್ನೂ ನುಡಿಸಿದರು. ಎರಡು ವರ್ಷಗಳ ಮೇಲೆ, ೨೦೦೮ರ ಸೆಪ್ಟೆಂಬರ್ ೧೫ರಂದು, ರೈಟ್ ತೀರಿಕೊಂಡ. ಅವನಿಲ್ಲದೆ ‘ಎಕೋಸ್’ ನುಡಿಸಲಾರೆ ಎಂದು ಗಿಲ್ಮೋರ್ ಹೇಳಿದ. ಈಗ ಆ ಆಲ್ಬಮ್ಮಿನ ‘ದ ಬ್ಲೂ’ ಹಾಡಿನಲ್ಲಿ ರೈಟನ ಮೆಲುದನಿ ಕೇಳಿದರೆ ತೂಕಡಿಕೆ ಎಂಬ ಮಾತು ಬಾಯಿಗೆ ಬರುವುದಿಲ್ಲ. ಆದರೆ ಇಲ್ಲಿಯೂ ಎಚ್ಚರ ಬೇಕು. ಸಾವು ಹಾಡನ್ನು ಉತ್ತಮಗೊಳಿಸುವುದಿಲ್ಲ. ನಮ್ಮ ಕಿವಿಯನ್ನು ಮೃದು ಮಾಡುತ್ತದೆ, ಅಷ್ಟೆ. ಆ ಮೃದುತ್ವವನ್ನು ಬದುಕಿರುವವರಿಗೂ ಸ್ವಲ್ಪ ತೋರಿಸಿದರೆ ತಪ್ಪೇನು ಎಂಬುದಷ್ಟೇ ನನ್ನ ಪ್ರಶ್ನೆ.

೨೦೧೯ರಲ್ಲಿ ಗಿಲ್ಮೋರ್ ತನ್ನ ನೂರಕ್ಕೂ ಹೆಚ್ಚು ಗಿಟಾರುಗಳನ್ನು ನ್ಯೂಯಾರ್ಕಿನಲ್ಲಿ ಹರಾಜು ಹಾಕಿದ. ಪಿಂಕ್ ಫ್ಲಾಯ್ಡಿನ ಪ್ರಸಿದ್ಧ ಹಾಡುಗಳನ್ನು ನುಡಿಸಿದ ಕಪ್ಪು ಗಿಟಾರೊಂದೇ ೩೯ ಲಕ್ಷ ೭೫ ಸಾವಿರ ಡಾಲರಿಗೆ ಹೋಯಿತು. ಒಟ್ಟು ಬಂದ ಎರಡು ಕೋಟಿಗೂ ಮಿಕ್ಕ ಡಾಲರುಗಳನ್ನು ಪರಿಸರದ ಪರವಾಗಿ ವಕಾಲತ್ತು ಮಾಡುವ ಸಂಸ್ಥೆಗೆ ಕೊಟ್ಟ. ನುಡಿಸಿದವನು ಬಿಟ್ಟುಕೊಟ್ಟ, ಕೇಳಿದವರು ಹಿಡಿದುಕೊಂಡರು! ೨೦೨೪ರ ಸೆಪ್ಟೆಂಬರಿನಲ್ಲಿ, ೭೮ನೆಯ ವಯಸ್ಸಿನಲ್ಲಿ, ‘ಲಕ್ ಅಂಡ್ ಸ್ಟ್ರೇಂಜ್’ ಎಂಬ ಆಲ್ಬಮ್ ತಂದ. ಅದನ್ನು ರೂಪಿಸಿಕೊಡಲು ಕರೆದದ್ದು ಚಾರ್ಲಿ ಆಂಡ್ರೂ ಎಂಬ ಕಿರಿಯನನ್ನು. ಹಳೆಯ ಕೀರ್ತಿಯ ಭಾರವಿಲ್ಲದ ಆತ ಇಲ್ಲಿ ಗಿಟಾರು ಯಾಕೆ ಬೇಕು ಎಂದು ಅವನನ್ನೇ ಕೇಳಿದನಂತೆ. ಆ ಪ್ರಶ್ನೆ ಗಿಲ್ಮೋರನಿಗೆ ಹಿಡಿಸಿತು. ಆದರೆ ತಮಾಷೆ ನೋಡಿ: ೧೯೭೩ರ ‘ಡಾರ್ಕ್ ಸೈಡ್’ ಆದ ಮೇಲೆ ತಾನು ಮಾಡಿದ್ದರಲ್ಲಿ ಇದೇ ಶ್ರೇಷ್ಠ ಎಂದು ಗಿಲ್ಮೋರನೇ ಹೇಳಿಕೊಂಡ. ಹಳೆಯ ಅಳತೆಗೋಲು ಅವನ ಕೈಯಲ್ಲೂ ಇತ್ತು. ಕೇಳುಗರನ್ನು ಮಾತ್ರ ದೂರುವಂತಿಲ್ಲ.

ಹಾಗಾದರೆ ಹಿರಿಯ ಕಲಾವಿದನಿಂದ ನಾವು ಏನನ್ನು ಕೇಳಬಹುದು? ತನ್ನದಲ್ಲದ ವಯಸ್ಸನ್ನು ನಟಿಸಬಾರದು, ಬೋರ್ಡಿನ ಮೇಲೆ ಸುಳ್ಳು ಬರೆಯಬಾರದು, ಹೊಗಳಿಕೆಯನ್ನು ಪಿಂಚಣಿಯಂತೆ ನಿರೀಕ್ಷಿಸಬಾರದು. ಇಷ್ಟು ಕೇಳಲು ನಮಗೆ ಹಕ್ಕಿದೆ. ನಮ್ಮ ಕಡೆಯ ಕೆಲಸವೂ ಒಂದಿದೆ. ಅವನು ಹೊಸದನ್ನು ತಂದಾಗ ಹಳೆಯದನ್ನು ಕಪಾಟಿನಲ್ಲಿಟ್ಟು, ಐವತ್ತು ನಿಮಿಷ ಸುಮ್ಮನೆ ಕುಳಿತು ಕೇಳಬೇಕು. ಕೇಳಿದ ಮೇಲೆ ಹಿಡಿಸಲಿಲ್ಲ ಎಂದರೆ ಆ ಮಾತು ಅವನಿಗೆ ಸಲ್ಲಬೇಕಾದದ್ದೇ. ನಮ್ಮಕ್ಕನ ಮಗನಿಗೆ ಈಗ ನಲವತ್ತು ದಾಟಿದೆ. ಆ ಸಿಡಿಯನ್ನು ಅವನಿನ್ನೂ ವಾಪಸು ಕೇಳಿಲ್ಲ, ನಾನೂ ಕೊಟ್ಟಿಲ್ಲ.