ಫಲಿತಾಂಶದ ಫಲಕದಲ್ಲಿ ಕಾಣದ ಮಕ್ಕಳು

ಮಂಡ್ಯದಿಂದ ಮೈಸೂರಿಗೆ ಹೋಗುವ ದಾರಿಯಲ್ಲಿ ಸಿಗುವ ಯಲಿಯೂರಿನಲ್ಲಿ ನನಗೆ ಪರಿಚಯದ ಒಂದು ರೈತ ಕುಟುಂಬವಿದೆ. ಮನೆಯ ಯಜಮಾನರು ಕಳೆದ ಬೇಸಿಗೆಯಲ್ಲಿ ಒಂದು ಹಾಳೆ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಮಗಳು ಏಳನೆಯ ತರಗತಿ ಮುಗಿಸಿದ್ದಳು. ಹಾಳೆಯಲ್ಲಿ ಮೂರು ಪ್ರೌಢಶಾಲೆಗಳ ಹೆಸರು: ಊರಿಗೆ ಹತ್ತಿರದ ಸರ್ಕಾರಿ ಶಾಲೆ, ಮಂಡ್ಯ ಪಟ್ಟಣದ ಇನ್ನೊಂದು ಸರ್ಕಾರಿ ಶಾಲೆ, ಒಂದು ಅನುದಾನಿತ ಶಾಲೆ. ಪ್ರತಿಯೊಂದರ ಮುಂದೆ ಎಸ್.ಎಸ್.ಎಲ್.ಸಿ. ಫಲಿತಾಂಶದ ಶೇಕಡಾ ಅಂಕಿ.

“ಇದರಲ್ಲಿ ಯಾವುದು ಒಳ್ಳೇದು, ನೀವೇ ಹೇಳಿ ಸಾರ್” ಎಂದರು.

ಹೆತ್ತವರಾದ ನಾವೆಲ್ಲ ಒಂದಲ್ಲ ಒಂದು ದಿನ ಇಂಥ ಹಾಳೆ ಬರೆದವರೇ. ಅದರಲ್ಲಿ ತಪ್ಪೇನಿಲ್ಲ. ಮಕ್ಕಳಿಗೆ ತಂದೆತಾಯಿಯರೇ ಮೊದಲ ಶಿಕ್ಷಕರು ಎಂದು ಎರಡನೆಯ ವ್ಯಾಟಿಕನ್ ಮಹಾಸಭೆಯೂ 1965ರಲ್ಲಿ ಶಿಕ್ಷಣದ ಬಗ್ಗೆ ಹೊರಡಿಸಿದ ಘೋಷಣೆಯಲ್ಲಿ ಹೇಳಿದೆ. ಆದರೆ ಆ ಶೇಕಡಾ ಅಂಕಿ ಹುಟ್ಟುವುದು ಹೇಗೆ ಎಂದು ನಾವು ಕೇಳುವುದು ಅಪರೂಪ.

ಉದಾಹರಣೆಗೆ ಒಂದು ಶಾಲೆಗೆ ಎಂಟನೆಯ ತರಗತಿಗೆ 40 ಮಕ್ಕಳು ಸೇರಿದರೆನ್ನಿ. ಹತ್ತನೆಯ ತರಗತಿ ಪರೀಕ್ಷೆಗೆ ಕುಳಿತವರು 31, ಎಲ್ಲರೂ ಪಾಸು. ಫಲಿತಾಂಶ ನೂರಕ್ಕೆ ನೂರು! ಇನ್ನೊಂದು ಶಾಲೆಯಲ್ಲಿ ಸೇರಿದವರೂ 40, ಕುಳಿತವರೂ 40, ಪಾಸಾದವರು 34. ಫಲಿತಾಂಶ ಶೇ. 85. ಫ್ಲೆಕ್ಸ್ ಕಟ್ಟುವುದು ಮೊದಲ ಶಾಲೆ. ದಡ ಮುಟ್ಟಿದ ಮಕ್ಕಳು ಹೆಚ್ಚಿರುವುದು ಎರಡನೆಯದರಲ್ಲಿ.

ಉಳಿದ ಆ ಒಂಬತ್ತು ಮಕ್ಕಳು ಎಲ್ಲಿ ಹೋದರು? ಕೆಲವರು ಊರು ಬಿಟ್ಟಿರಬಹುದು. ಕೆಲವರಿಗೆ ಟಿ.ಸಿ. ಕೊಟ್ಟಿರಬಹುದು. 2009ರ ಶಿಕ್ಷಣ ಹಕ್ಕು ಕಾಯ್ದೆಯ ರಕ್ಷಣೆ ಎಂಟನೆಯ ತರಗತಿಗೇ ಮುಗಿಯುತ್ತದೆ. ಒಂಬತ್ತರಲ್ಲಿ ಹಿಂದೆ ಬಿದ್ದ ಮಗುವನ್ನು ಹೊರಗೆ ಕಳಿಸಲು ಅಡ್ಡಿ ಕಡಿಮೆ. ನನ್ನ ಅಕ್ಕನ ಮಗನಿಗೆ ಆದದ್ದು ಇದೇ. “ಇವನಿಂದ ನಮ್ಮ ರಿಸಲ್ಟ್ ಕೆಡುತ್ತೆ, ಬೇರೆ ಕಡೆ ನೋಡ್ಕೊಳ್ಳಿ” ಎಂದು ಒಂದು ಶಾಲೆಯವರು ಅಕ್ಕನನ್ನು ಕರೆಸಿ ಹೇಳಿದರು. ಆ ಸಂಜೆ ಹುಡುಗ ಊಟ ಮಾಡಲಿಲ್ಲ. ಅವನನ್ನು ಸೇರಿಸಿಕೊಂಡದ್ದು ಒಂದು ಸರ್ಕಾರಿ ಶಾಲೆ. ಮೊದಲ ಸಲ ಗಣಿತದಲ್ಲಿ ಫೇಲಾದ, ಮರುಪರೀಕ್ಷೆಯಲ್ಲಿ ಪಾಸಾದ. ಅವನ ಹಳೆಯ ಶಾಲೆಯದು ಆ ವರ್ಷ ಶೇ. 100, ಅವನನ್ನು ಕೈಹಿಡಿದ ಶಾಲೆಯದು ಅದಕ್ಕಿಂತ ಕಡಿಮೆ. ಆ ಕೊರತೆಯಲ್ಲಿ ನಮ್ಮ ಹುಡುಗನದೂ ಒಂದು ಪಾಲು.

ತೊಂಬತ್ತೊಂಬತ್ತು ಕುರಿಗಳನ್ನು ಬಿಟ್ಟು ಕಳೆದುಹೋದ ಒಂದನ್ನು ಹುಡುಕಿ ಹೊರಟ ಕುರುಬನ ಸಾಮತಿ ನಮಗೆ ಬಾಯಿಪಾಠ. ಇಂದಿನ ಫಲಕದ ಲೆಕ್ಕದಲ್ಲಿ ಆ ಒಂದು ಕುರಿಯನ್ನು ಪಟ್ಟಿಯಿಂದ ತೆಗೆದುಬಿಟ್ಟರೆ ಆಯಿತು, ಮಂದೆ ನೂರಕ್ಕೆ ನೂರು. ಬಡವರನ್ನೂ ಮನೆಯ ಆಸರೆ ಇಲ್ಲದವರನ್ನೂ ವಿಶೇಷವಾಗಿ ನೋಡಿಕೊಳ್ಳಬೇಕೆಂದು ಅದೇ 1965ರ ಘೋಷಣೆ ನಮ್ಮ ಶಾಲೆಗಳಿಗೆ ಹೇಳಿದೆ. ನಮ್ಮ ಶಾಲೆಗಳ ಗೇಟಿನ ಮುಂದೆಯೂ ಫ್ಲೆಕ್ಸ್‌ಗಳಿವೆ, ಇದನ್ನು ಬರೆಯುವಾಗ ನನಗೂ ಇರುಸುಮುರುಸು.

ಅಂಕಿಯನ್ನು ಎಷ್ಟು ನಂಬಬಹುದು ಎಂಬುದಕ್ಕೆ ನಮ್ಮ ಜಿಲ್ಲೆಯೇ ಸಾಕ್ಷಿ. 2023ರಲ್ಲಿ ಮಂಡ್ಯ ಶೇ. 96.74 ಪಡೆದು ರಾಜ್ಯಕ್ಕೆ ಎರಡನೆಯ ಸ್ಥಾನದಲ್ಲಿತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಬಂತು. ರಾಜ್ಯದ ಫಲಿತಾಂಶ 83.89ರಿಂದ 73.40ಕ್ಕೆ ಇಳಿಯಿತು. ಅದೂ ಕೃಪಾಂಕವನ್ನು ಹೆಚ್ಚಿಸಿದ ಮೇಲೆ. ಮಂಡ್ಯ ಮೊದಲ ಹತ್ತು ಜಿಲ್ಲೆಗಳಲ್ಲೂ ಉಳಿಯಲಿಲ್ಲ. ಒಂದೇ ವರ್ಷದಲ್ಲಿ ಮೇಷ್ಟ್ರುಗಳು ಪಾಠ ಮರೆತರೇ? ಮಕ್ಕಳು ದಡ್ಡರಾದರೇ?

ಇಷ್ಟೆಲ್ಲ ಹೇಳಿದ ಮೇಲೆ ಆ ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದರು. ನಂತರ, “ಅದೆಲ್ಲ ಸರಿ ಸಾರ್. ಹಂಗಂತ ನಿಮ್ಮ ನ್ಯಾಯಕ್ಕೆ ನನ್ನ ಮಗೀನ ಬಲಿ ಕೊಡ್ಲಾ?” ಎಂದರು.

ನ್ಯಾಯವಾದ ಪ್ರಶ್ನೆ. ತತ್ವಕ್ಕಾಗಿ ಮಗಳ ಓದನ್ನು ಪಣವಿಡಿ ಎಂದು ಯಾವ ತಂದೆಗೂ ನಾನು ಹೇಳಲಾರೆ. ಗಣಿತಕ್ಕೋ ಇಂಗ್ಲಿಷಿಗೋ ಶಿಕ್ಷಕರಿಲ್ಲದ ಕಡೆ, ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರಿಲ್ಲದ ಕಡೆ ಮಗಳನ್ನು ಕಳಿಸಲು ಹಿಂಜರಿದರೆ ಅದು ಸ್ವಾರ್ಥವಲ್ಲ. ಆದರೆ ಪ್ರಶ್ನೆಗಳನ್ನು ಬದಲಿಸಬಹುದಲ್ಲವೇ? ಎಂಟಕ್ಕೆ ಎಷ್ಟು ಮಕ್ಕಳು ಸೇರಿದರು, ಹತ್ತರಲ್ಲಿ ಎಷ್ಟು ಮಂದಿ ಕುಳಿತರು? ಖಾಯಂ ಶಿಕ್ಷಕರು ಎಷ್ಟು, ಅತಿಥಿ ಶಿಕ್ಷಕರು ಎಷ್ಟು, ಅವರು ಬರುವುದು ಜೂನ್‌ನಲ್ಲೋ ದಸರಾ ಕಳೆದ ಮೇಲೋ? 2024ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆಗಳ ಪದ್ಧತಿ ಬಂತು. ಮೊದಲನೆಯದರಲ್ಲಿ ಸೋತ ಮಗುವಿನ ಮನೆಗೆ ಹೋಗಿ, ಕರೆತಂದು, ಎರಡನೆಯದಕ್ಕೆ ಕೂರಿಸುವ ಮೇಷ್ಟ್ರು ಆ ಶಾಲೆಯಲ್ಲಿ ಇದ್ದಾರೆಯೇ? ಬುದ್ಧಿವಂತ ಮಗು ಎಲ್ಲಿದ್ದರೂ ಓದಿಕೊಂಡೀತು. ನಮ್ಮ ಮಗು ಎಡವುವ ವರ್ಷ ಯಾವುದೆಂದು ಬಲ್ಲವರಾರು?

ಇನ್ನೂ ಒಂದು ಮಾತನ್ನು, ಅವರಿಗೆ ಹಿಡಿಸಲಾರದು ಎಂದು ಗೊತ್ತಿದ್ದೂ, ಹೇಳಿದೆ. ಸರ್ಕಾರಿ ಶಾಲೆಯ ಎಸ್.ಡಿ.ಎಂ.ಸಿ.ಯಲ್ಲಿ ಕೂರುವವರು ಅಲ್ಲಿ ಓದುವ ಮಕ್ಕಳ ಹೆತ್ತವರು. ಕೇಳಬಲ್ಲ, ಅರ್ಜಿ ಬರೆಯಬಲ್ಲ ತಂದೆತಾಯಿಯರು ಒಬ್ಬೊಬ್ಬರಾಗಿ ಪಟ್ಟಣದ ಬಸ್ಸು ಹತ್ತಿದರೆ, ಹಿಂದೆ ಉಳಿಯುವುದು ಕೂಲಿಯವರ ಮಕ್ಕಳು, ಆಲೆಮನೆ ಕೆಲಸಕ್ಕೆ ಹೊರಗಿನಿಂದ ಬಂದವರ ಮಕ್ಕಳು. ಅವರ ಪರವಾಗಿ ಶಿಕ್ಷಕರ ಹುದ್ದೆ ಖಾಲಿ ಇದೆ ಎಂದು ಬಿ.ಇ.ಓ. ಕಚೇರಿಗೆ ಹೋಗಿ ಕೇಳುವವರು ಯಾರು? ಮಗಳನ್ನು ಬೇರೆಡೆ ಸೇರಿಸಿದವರಿಗೂ ಊರ ಶಾಲೆಯ ಋಣ ಹರಿಯುವುದಿಲ್ಲ ಎಂಬುದು ನನ್ನ ನಂಬಿಕೆ.

ಅವರು ಒಪ್ಪಿದರೋ ಇಲ್ಲವೋ ತಿಳಿಯದು. ವಾರದ ನಂತರ ಅದೇ ಹಾಳೆ ತಂದರು. ಶೇಕಡಾ ಅಂಕಿಗಳ ಪಕ್ಕದಲ್ಲಿ ಪೆನ್ಸಿಲಿನಿಂದ ಎರಡು ಕಾಲಂ ಎಳೆದಿದ್ದರು: ಸೇರಿದವರು, ಕುಳಿತವರು. ಊರಿಗೆ ಹತ್ತಿರದ ಶಾಲೆಯ ಮುಖ್ಯೋಪಾಧ್ಯಾಯಿನಿ ದಾಖಲಾತಿ ಪುಸ್ತಕವನ್ನೇ ಮುಂದಿಟ್ಟು ಎಣಿಸಿ ಹೇಳಿದರಂತೆ. ಇನ್ನೊಂದು ಶಾಲೆಯವರು ಎರಡು ದಿನ ಬಿಟ್ಟು ಬನ್ನಿ ಎಂದು, ಹೋದಾಗ ಕೊಟ್ಟರಂತೆ. ಮೂರನೆಯದರ ಮುಂದೆ ಎರಡೂ ಕಾಲಂ ಖಾಲಿ ಇದ್ದವು.