ತಲುಪದ ಮಾತು

ಮಾತಿಗೆ ಮಾತು ಬೆಳೆದಾಗ ಸಭ್ಯತೆಯನ್ನು ಕಾಯುವುದು ಯಾವುದು? ಎದುರಿಗಿರುವವನ ಮುಖವೋ, ನಮ್ಮ ಕೈಯಲ್ಲಿರುವ ಗುಂಡಿಯೋ? ನನಗೆ ಈ ಪ್ರಶ್ನೆ ಹುಟ್ಟಿದ್ದು ತಡವಾಗಿ, ಒಂದು ಮದುವೆಮನೆಯ ಊಟದ ಪಂಕ್ತಿಯಲ್ಲಿ.

ನಿವೃತ್ತರಾದ ನಾವು ಹಳೆಯ ಸಹೋದ್ಯೋಗಿಗಳು ವಾಟ್ಸ್‌ಆ್ಯಪ್‌ನಲ್ಲಿ ಒಂದು ಗುಂಪು ಮಾಡಿಕೊಂಡಿದ್ದೇವೆ. ಮಕ್ಕಳು ಯಾವ ಮಾಧ್ಯಮದಲ್ಲಿ ಓದಬೇಕೆಂಬ ಚರ್ಚೆ ಬಂದಾಗ ಗೆಳೆಯನೊಬ್ಬನನ್ನು ಚುಚ್ಚಿ ಬರೆದೆ. ಅರ್ಧ ಗಂಟೆಯಲ್ಲಿ ಅದರ ಕೆಳಗೆ ಹದಿನಾಲ್ಕು ಹೆಬ್ಬೆರಳುಗಳು ಎದ್ದು ನಿಂತವು. ಎರಡನೆಯ ಮಾತು ಬರೆಯುವಾಗ ನನ್ನ ಕಣ್ಣು ಅವನನ್ನು ಬಿಟ್ಟು ಆ ಹೆಬ್ಬೆರಳುಗಳ ಮೇಲಿತ್ತು. ಮಾತೂ ಮೊದಲಿನದಕ್ಕಿಂತ ಹರಿತವಾಯಿತು. ಸಣ್ಣ ಚಾನೆಲ್ಲುಗಳ ಮೇಲೆ ಗುಂಪುಗೂಡಿ ಕೆಳಬೆರಳು ಒತ್ತುವ ಕಾಟ ತಗ್ಗಲೆಂದು ಯೂಟ್ಯೂಬ್ 2021ರಲ್ಲಿ ಆ ಎಣಿಕೆಯನ್ನು ನೋಡುಗರಿಂದ ಮರೆಮಾಡಿತು. ಮೇಲೆತ್ತಿದ ಹೆಬ್ಬೆರಳೂ ಕೆಡುಕು ಮಾಡಬಲ್ಲದೆಂದು ನಾನು ಕಲಿತದ್ದು ಹೀಗೆ.

ಅವನು ಸಿಟ್ಟಿನಿಂದ ನನಗೊಬ್ಬನಿಗೇ ಏನೋ ಬರೆದ. ನಾನು ಅವನನ್ನು ಬ್ಲಾಕ್ ಮಾಡಿದೆ. ಗುಂಪಿನಲ್ಲೂ ಇಬ್ಬರೂ ಮೌನವಾದೆವು. ಆ ಮೌನವನ್ನೇ ನಾನು ಸಭ್ಯತೆ ಎಂದುಕೊಂಡೆ.

ಮೂರು ತಿಂಗಳ ಮೇಲೆ ಪಂಕ್ತಿಯಲ್ಲಿ ಪಕ್ಕಕ್ಕೆ ಬಂದು ಕೂತವನು ಅವನೇ. "ತಪ್ಪಾಯ್ತು ಮಾರಾಯ ಅಂತ ಅಷ್ಟುದ್ದ ಬರೆದಿದ್ದೆ. ನೀನು ಒಂದು ಮಾತೂ ಆಡಲಿಲ್ಲವಲ್ಲೋ" ಎಂದ. ಮನೆಗೆ ಬಂದು ಬ್ಲಾಕ್ ತೆಗೆದೆ. ಏನೂ ಬರಲಿಲ್ಲ. ಬಾಗಿಲು ಮುಚ್ಚಿದ್ದಾಗ ಕಳುಹಿಸಿದ ಮಾತು ಬಾಗಿಲು ತೆರೆದ ಮೇಲೂ ಬರುವುದಿಲ್ಲ. ಕಳುಹಿಸಿದವನಿಗೆ ಕಾಣುವುದು ಒಂದೇ ಟಿಕ್ಕು, ಕಾರಣ ಕಾಣುವುದಿಲ್ಲ.

ಹಾಗೆಂದು ಹಳೆಯ ಅರಳಿಕಟ್ಟೆಯನ್ನು ಹೊಗಳಲಾರೆ. ಅಲ್ಲಿ ಕಟುವಾಗಿ ಆಡಿದವನು ಕೇಳಿದವನ ಮುಖ ಬಾಡುವುದನ್ನೂ ನೋಡಬೇಕಿತ್ತು, ನಿಜ. ಆದರೆ ಬಹಿಷ್ಕಾರ ಹಾಕುತ್ತಿದ್ದುದೂ ಅದೇ ಕಟ್ಟೆ. ಬೆಂಕಿ ನೀರು ಕೊಡದಂತೆ ಒಂದು ಮನೆಯನ್ನೇ ಊರಿನಿಂದ ಕತ್ತರಿಸಿಬಿಡುತ್ತಿತ್ತು. ಅದನ್ನು ತಡೆಯಲು ಮಹಾರಾಷ್ಟ್ರ 2016ರಲ್ಲಿ ಪ್ರತ್ಯೇಕ ಕಾನೂನನ್ನೇ ಮಾಡಬೇಕಾಯಿತು. ಆ ಅಧಿಕಾರವಿದ್ದದ್ದು ಬಲ್ಲಿದರ ಕೈಯಲ್ಲಿ. ಇಂದಿನ ಗುಂಡಿ ನನ್ನ ತಂಗಿಯ ಮಗಳ ಕೈಯಲ್ಲೂ ಇದೆ. ಗುರುತಿಲ್ಲದವರು ಹೊಲಸು ಬರೆದಾಗ ಅವಳು ಅದನ್ನು ಒತ್ತಿ ನೆಮ್ಮದಿಯಾಗಿ ಮಲಗುತ್ತಾಳೆ. ಬೇಡವೆನ್ನಲು ನಾನು ಯಾರು?

ನನ್ನದು ಬೇರೆ ಕಥೆ. ಚುಚ್ಚಿದವನೂ ನಾನೇ, ಚುಚ್ಚಿಸಿಕೊಂಡವನ ಬಾಯಿ ಮುಚ್ಚಿಸಿದವನೂ ನಾನೇ. ಅವಳು ಬೈಗುಳಕ್ಕೆ ಬಾಗಿಲು ಹಾಕಿದಳು. ನಾನು ಉತ್ತರಕ್ಕೆ ಹಾಕಿದೆ. ಗುಂಡಿ ಎರಡೂ ಕಡೆ ಒಂದೇ. ಒತ್ತುವ ಮುಂಚೆ ಯಾವುದಕ್ಕೆ ಹೆದರಿದ್ದೇನೆಂದು ನನ್ನನ್ನೇ ಕೇಳಿಕೊಳ್ಳಬೇಕಿತ್ತು.

ಮೊನ್ನೆ ಅವನ ಮನೆಗೇ ಹೋಗಿ, "ಅಂದು ಏನು ಬರೆದಿದ್ದೆ, ಓದಿ ಹೇಳು" ಎಂದೆ.

"ಅಳಿಸಿಬಿಟ್ಟೆ. ಕಾಫಿ ಆರುತ್ತದೆ, ಕುಡಿ" ಎಂದ.