ಬೀಗದ ಭಾರ ಯಾರ ಮೇಲೆ?



ಕಳ್ಳರಿಗೆ ಅಂಜಿ ಮನೆಗೆ ಬೀಗ ಹಾಕುವುದು ಲೋಕರೂಢಿ. ಆದರೆ ಆ ಬೀಗವು ಕಳ್ಳನಿಗೆ ತೆರೆದುಕೊಂಡು ಮನೆಯವರನ್ನೇ ಹೊರಗೆ ನಿಲ್ಲಿಸಿದರೆ ಅದನ್ನು ರಕ್ಷಣೆ ಎನ್ನಲಾದೀತೇ? ಮಕ್ಕಳ ಓದಿಗೋ ಅಂಗಡಿಯ ಲೆಕ್ಕಕ್ಕೋ ಗಣಕಯಂತ್ರವನ್ನು ಬಳಸುವ ನಾವೆಲ್ಲರೂ ಕೇಳಿಕೊಳ್ಳಬೇಕಾದ ಪ್ರಶ್ನೆಯಿದು.

ತಂತ್ರಾಂಶವು ಕಣ್ಣಿಗೆ ಕಾಣುವ ವಸ್ತುವಲ್ಲ. ಅದನ್ನು ನಕಲು ಮಾಡಿದರೆ ಮೂಲವೇನೂ ಕಡಿಮೆಯಾಗುವುದಿಲ್ಲ. ಆದುದರಿಂದಲೇ ಅದನ್ನು ಕಳವೆಂದು ಒಪ್ಪಲು ನಮ್ಮ ಮನಸ್ಸು ಹಿಂಜರಿಯುತ್ತದೆ. ಆದರೆ ಅದರ ಹಿಂದೆ ಹಲವರ ವರ್ಷಗಳ ದುಡಿಮೆಯಿದೆ. 1976ರಲ್ಲಿ ಯುವಕ ಬಿಲ್ ಗೇಟ್ಸ್ ಗಣಕಯಂತ್ರದ ಹವ್ಯಾಸಿಗಳಿಗೆ ಬಹಿರಂಗ ಪತ್ರ ಬರೆದು, ತಾವು ಶ್ರಮಿಸಿ ರೂಪಿಸಿದ ಬೇಸಿಕ್ ತಂತ್ರಾಂಶವನ್ನು ಬಹುಪಾಲು ಜನರು ಹಣ ಕೊಡದೆ ಬಳಸುತ್ತಿದ್ದಾರೆಂದು ನೊಂದುಕೊಂಡರು. ಕೆಲಸಗಾರನ ಕೂಲಿಯನ್ನು ತಡೆಹಿಡಿಯುವುದು ಅನ್ಯಾಯವಾದರೆ ಇದೂ ಅನ್ಯಾಯವೇ.

ಹಾಗೆಂದು ತಯಾರಕರು ಹಾಕಿದ ಎಲ್ಲಾ ಬೀಗಗಳೂ ನ್ಯಾಯವಾದವುಗಳೆಂದು ಹೇಳಲಾಗದು. 1983ರಲ್ಲಿ ಬಂದ ಲೋಟಸ್ 1-2-3 ಎಂಬ ಲೆಕ್ಕಪತ್ರದ ತಂತ್ರಾಂಶವು ಮೂಲ ಫ್ಲಾಪಿಯನ್ನು ಯಂತ್ರದಲ್ಲಿರಿಸದ ಹೊರತು ಕೆಲಸ ಮಾಡುತ್ತಿರಲಿಲ್ಲ. ಫ್ಲಾಪಿ ಸವೆದು ಕೆಟ್ಟರೆ ನಷ್ಟ ಕೊಂಡವನದು. ಬೀಗ ಮುರಿದ ಪ್ರತಿಯನ್ನು ಬಳಸುವವನಿಗೆ ಆ ಚಿಂತೆಯೇ ಇರಲಿಲ್ಲ. ಗ್ರಾಹಕರ ಬೇಸರ ಹೆಚ್ಚಿ, 1980ರ ದಶಕ ಮುಗಿಯುವ ಹೊತ್ತಿಗೆ ಕಂಪನಿಯು ಆ ಪದ್ಧತಿಯನ್ನು ಕೈಬಿಟ್ಟಿತು. 2007ರ ಆಗಸ್ಟ್ ತಿಂಗಳಿನಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯ ಪರೀಕ್ಷಕ ಸರ್ವರ್‌ಗಳಲ್ಲಿ ದೋಷವುಂಟಾಗಿ, ಹಣ ಕೊಟ್ಟು ವಿಂಡೋಸ್ ಕೊಂಡವರ ಸಾವಿರಾರು ಯಂತ್ರಗಳು ಸುಮಾರು ಒಂದು ದಿನದ ಕಾಲ ನಕಲಿಯೆಂಬ ಹಣೆಪಟ್ಟಿ ಹೊತ್ತವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರೆಂಬ ನಮ್ಮ ಗಾದೆಗೆ ಇದಕ್ಕಿಂತ ಬೇರೆ ಉದಾಹರಣೆ ಬೇಕೆ?

ಹಾಗಾದರೆ ನ್ಯಾಯವಾದ ಬೀಗ ಯಾವುದು? ಕೊಂಡವರ ಹೆಸರು ಮತ್ತು ಅನುಮತಿಯ ವಿವರವುಳ್ಳ ಚಿಕ್ಕ ಕಡತಕ್ಕೆ ತಯಾರಕರು ತಮ್ಮ ರಹಸ್ಯ ಕೀಲಿಯಿಂದ ಡಿಜಿಟಲ್ ಸಹಿ ಹಾಕಿ ಕೊಡಬಹುದು. ತಂತ್ರಾಂಶವು ತನ್ನೊಳಗಿನ ಬಹಿರಂಗ ಕೀಲಿಯಿಂದ ಆ ಸಹಿಯನ್ನು ಅಂತರಜಾಲದ ನೆರವಿಲ್ಲದೆಯೇ ಪರೀಕ್ಷಿಸುತ್ತದೆ. ಅಂತಹ ಸಹಿಯನ್ನು ಕಳ್ಳನು ಸೃಷ್ಟಿಸಲಾರನು. ಆದರೂ ಚಾಪೆಯ ಕೆಳಗೆ ತೂರಿದರೆ ರಂಗೋಲಿಯ ಕೆಳಗೆ ತೂರುವ ಚತುರನು ಪರೀಕ್ಷಿಸುವ ಭಾಗವನ್ನೇ ಕಿತ್ತುಹಾಕಬಲ್ಲನು. ಪೂರ್ಣ ಭದ್ರವಾದ ಬೀಗವಿಲ್ಲವೆಂದು ತಿಳಿದ ಮೇಲೆ, ಬೀಗವನ್ನು ಬಿಗಿಗೊಳಿಸುತ್ತಾ ಹೋದಂತೆ ಅದರ ಭಾರವೆಲ್ಲ ಪ್ರಾಮಾಣಿಕರ ಮೇಲೆಯೇ ಬೀಳುತ್ತದೆ ಎಂಬುದನ್ನು ತಯಾರಕರು ಮರೆಯಬಾರದು. ಯಂತ್ರ ಕೆಟ್ಟಾಗ ಹೊಸ ಯಂತ್ರಕ್ಕೆ ಅನುಮತಿಯನ್ನು ವರ್ಗಾಯಿಸುವ ಅವಕಾಶವಿರಬೇಕು. ಸಂಶಯ ಬಂದ ಕೂಡಲೇ ಕೆಲಸ ನಿಲ್ಲಿಸದೆ ಕೆಲವು ದಿನಗಳ ಕಾಲಾವಕಾಶ ನೀಡಬೇಕು. ಏನೇ ಆದರೂ ಬಳಕೆದಾರನು ತಾನೇ ಬರೆದ ಕಡತಗಳನ್ನು ತೆರೆದು ಓದಲು ಅಡ್ಡಿಯಾಗಬಾರದು. ಅವು ಅವನ ದುಡಿಮೆಯ ಫಲ.

ನಮ್ಮ ದೇಶದ ಕಾನೂನೂ ಎರಡು ಕಡೆಯನ್ನು ನೋಡುತ್ತದೆ. 1957ರ ಕೃತಿಸ್ವಾಮ್ಯ ಕಾಯಿದೆಯು ನ್ಯಾಯವಾಗಿ ಪ್ರತಿಯನ್ನು ಹೊಂದಿದವನಿಗೆ, ಅದು ಕೆಟ್ಟುಹೋದಲ್ಲಿ ಉಪಯೋಗಕ್ಕೆ ಬರಲೆಂದು ಕಾಪಿಟ್ಟ ಪ್ರತಿಯನ್ನು ಮಾಡಿಕೊಳ್ಳಲು ಅನುಮತಿಸುತ್ತದೆ. ಅದೇ ಕಾಯಿದೆಗೆ 1994ರಲ್ಲಿ ಸೇರಿಸಿದ 63ಬಿ ಕಲಮು, ನಕಲಿಯೆಂದು ತಿಳಿದೂ ಅಂತಹ ತಂತ್ರಾಂಶವನ್ನು ಗಣಕಯಂತ್ರದಲ್ಲಿ ಬಳಸುವುದನ್ನು ಶಿಕ್ಷಾರ್ಹ ಅಪರಾಧವೆಂದು ಸಾರುತ್ತದೆ.

ಇಲ್ಲಿಯವರೆಗೆ ತಯಾರಕರ ಕರ್ತವ್ಯವನ್ನು ಕುರಿತು ಹೇಳಿದ್ದಾಯಿತು. ನಮ್ಮ ಕರ್ತವ್ಯವೇನು? "ಕಂಪನಿಯವರು ಶ್ರೀಮಂತರು, ನಮ್ಮದೊಂದು ಪ್ರತಿಯಿಂದ ಅವರಿಗೇನು ನಷ್ಟ?" ಎಂಬ ಮಾತು ಮನೆಗಳಲ್ಲಿ ಸಹಜವಾಗಿ ಕೇಳಿಬರುತ್ತದೆ. ಆದರೆ ಬಾಡಿಗೆ ಕಟ್ಟಲು ಹೆಣಗುವ ಇಬ್ಬರು ಮೂವರು ಯುವಕರು ರೂಪಿಸಿದ ತಂತ್ರಾಂಶವನ್ನೂ ನಾವು ಅದೇ ಸಲೀಸಿನಿಂದ ನಕಲು ಮಾಡುತ್ತೇವಲ್ಲವೇ? ಬೆಲೆ ನಿಜಕ್ಕೂ ಕೈಗೆಟುಕದಿದ್ದರೆ ಬೇರೆ ದಾರಿಯಿದೆ. ಪತ್ರ ಬರೆಯಲು, ಲೆಕ್ಕ ಇಡಲು ಲಿಬ್ರೆ ಆಫೀಸ್‌ನಂತಹ ಮುಕ್ತ ತಂತ್ರಾಂಶಗಳಿವೆ. ಅವುಗಳನ್ನು ನಕಲು ಮಾಡಿ ಹಂಚಲು ತಯಾರಕರೇ ಅನುಮತಿ ಕೊಟ್ಟಿದ್ದಾರೆ.

ಅಪ್ರಾಮಾಣಿಕನ ಪ್ರತಿಯೊಂದು ನಕಲೂ ಪ್ರಾಮಾಣಿಕನ ಬಾಗಿಲಿಗೆ ಮತ್ತೊಂದು ಬೀಗವನ್ನು ತರುತ್ತದೆ. ಹೀಗೆ ನೋಡಿದರೆ, ನಕಲು ಮಾಡುವವನು ತಯಾರಕರಿಗೆ ಮಾತ್ರವಲ್ಲ, ಹಣ ಕೊಟ್ಟು ಕೊಂಡ ತನ್ನ ನೆರೆಯವನಿಗೂ ಸಾಲಗಾರನೇ. ಅಂಗಡಿಯಾತನು ಹೊಸ ಯಂತ್ರದೊಡನೆ "ಎಲ್ಲವನ್ನೂ ಪುಕ್ಕಟೆಯಾಗಿ ಹಾಕಿಕೊಡುತ್ತೇನೆ" ಎಂದಾಗ, ಇದಕ್ಕೆ ಅನುಮತಿ ಇದೆಯೇ ಎಂದು ಮಕ್ಕಳ ಎದುರಿನಲ್ಲೇ ಕೇಳಿರಿ. ಕಾಣದವರ ದುಡಿಮೆಗೂ ಬೆಲೆಯುಂಟೆಂಬ ಪಾಠವನ್ನು ಅವರು ಅಲ್ಲಿಯೇ ಕಲಿಯುವರು.